ಜಮೆ ಮಾತ್ರ ಬರೆದ ಕೀರ್ದಿ

(ಹೆಗಡೆಕಟ್ಟಾದಲ್ಲಿ ಸೇರಿದ್ದ ರೈತರ ಹಾಗೂ ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಮೂಢನಂಬಿಕೆಯ ಮೇಲೆ ನಾಲ್ಕು ಮಾತು ಆಡಬೇಕೆಂದು ನಿಮ್ಮ ಅಪ್ಪಣೆಯಾಗಿದೆ. ಆ ಶಬ್ದದ ಬಗೆಗೇ ನನ್ನದೊಂದು ತಕರಾರಿದೆ. ಮೂಢನಂಬಿಕೆ ಎಂದೊಡನೆ ಕಣ್ಣಮುಂದೆ ಬಂದು ನಿಲ್ಲುವವನು ಯಾವಾಗಲೂ ಇನ್ನೊಬ್ಬ. ತೋಟದ ಒಡೆಯನಿಗೆ ಕೂಲಿಯವನು ಮೂಢ, ಪೇಟೆಯವನಿಗೆ ಹಳ್ಳಿಯವನು ಮೂಢ, ಕಾಲೇಜು ಕಲಿತು ಬಂದ ಮಗನಿಗೆ ತಾಯಿ ಮೂಢಳು. ತಾನು ಮೂಢನೆಂದು ಒಪ್ಪಿಕೊಂಡವನನ್ನು ನಾನಂತೂ ಕಂಡಿಲ್ಲ. ಆದುದರಿಂದ ಮೂಢರ ವಿಷಯವನ್ನು ಬದಿಗಿಡುತ್ತೇನೆ. ನನ್ನಂಥ, ನಿಮ್ಮಂಥ, ಲೆಕ್ಕ ಬಲ್ಲ, ವ್ಯವಹಾರ ಬಲ್ಲ ಜನ ಹೇಗೆ ತಪ್ಪು ತಿಳಿಯುತ್ತೇವೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮೊದಲು ನನ್ನದೇ ಕಥೆ. ನಾನು ಎಂಟೊಂಬತ್ತು ವರ್ಷದವನಿದ್ದಾಗ ನಮ್ಮ ಅಜ್ಜ ತೀರಿಕೊಂಡರು. ಅದರ ಹಿಂದಿನ ರಾತ್ರಿ ಹಿತ್ತಲಿನ ಹಲಸಿನ ಮರದಲ್ಲಿ ಗೂಗೆ ಕೂಗಿತ್ತು. "ಅದು ಕರೆಯಲಿಕ್ಕೇ ಬಂದದ್ದು" ಎಂದು ನಮ್ಮ ಅತ್ತೆ ಹೇಳಿದ ಮಾತು ಎದೆಯಲ್ಲಿ ಕೂತುಬಿಟ್ಟಿತು. ದೊಡ್ಡವನಾದೆ, ಪುಸ್ತಕ ಓದಿದೆ, ಸಭೆಗಳಲ್ಲಿ ವಿಚಾರವಾದದ ಭಾಷಣ ಮಾಡಿದೆ. ಆದರೂ ಗೂಗೆ ಕೂಗಿದ ರಾತ್ರಿ ಎದ್ದು ಹೋಗಿ ಮಲಗಿದ ಮಕ್ಕಳ ಹಣೆ ಮುಟ್ಟಿ ನೋಡುತ್ತಿದ್ದೆ. ಕೊನೆಗೆ ನನಗೇ ನಾಚಿಕೆಯಾಗಿ, ಒಂದು ಚಳಿಗಾಲವಿಡೀ ಅದು ಕೂಗಿದ ರಾತ್ರಿಗಳಿಗೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದೊಂದು ಗೆರೆ ಎಳೆಯುತ್ತ ಬಂದೆ. ಮೂವತ್ತಕ್ಕೂ ಹೆಚ್ಚು ಗೆರೆಗಳಾದವು. ಕೇರಿಯಲ್ಲಿ ಒಂದೂ ಸಾವು ಆಗಲಿಲ್ಲ. ಪಾಪ, ಆ ಹಕ್ಕಿ ಪ್ರತಿ ವರ್ಷವೂ ಹಾಗೆಯೇ ಕೂಗುತ್ತಿತ್ತು. ನಾನು ನೆನಪಿಟ್ಟುಕೊಂಡದ್ದು ಮಾತ್ರ ಒಂದೇ ರಾತ್ರಿಯನ್ನು.

ಮನಸ್ಸು ಅವಸರದ ಪ್ರಾಣಿ. ಅದನ್ನು ಅದಕ್ಕಾಗಿ ಬೈಯಲಾಗದು. ಬೆಟ್ಟದಲ್ಲಿ ದರಕಿನ ನಡುವೆ ಸರಕ್ಕೆಂದರೆ ಹಿಂದಕ್ಕೆ ಜಿಗಿಯುತ್ತೇವೆ. ಓತಿಕ್ಯಾತವೋ ಹಾವೋ ಎಂದು ವಿಚಾರ ಮಾಡುತ್ತ ನಿಂತವನ ಸಂತತಿ ಈ ಘಟ್ಟದಲ್ಲಿ ಉಳಿಯುತ್ತಿರಲಿಲ್ಲ. ವೇದಾಂತಿಗಳು ಹಗ್ಗವನ್ನು ಹಾವೆಂದು ಕಂಡವನ ದೃಷ್ಟಾಂತ ಕೊಟ್ಟು ಅವನ ಅಜ್ಞಾನವನ್ನು ಎತ್ತಿ ತೋರಿಸುತ್ತಾರೆ. ಸರಿಯೇ. ಆದರೆ ಹಾವನ್ನು ಹಗ್ಗವೆಂದು ಕಂಡವನು ವೇದಾಂತ ಕೇಳಲು ಮರಳಿ ಬರುವುದಿಲ್ಲವಲ್ಲ! ಹತ್ತು ಸಲ ವ್ಯರ್ಥವಾಗಿ ಜಿಗಿದರೆ ನಷ್ಟವಿಲ್ಲ. ಒಂದು ಸಲ ಜಿಗಿಯದೆ ಇದ್ದರೆ ಪ್ರಾಣವೇ ಹೋದೀತು. ಹಾಗಾಗಿ ಎರಡು ಸಂಗತಿ ಒಟ್ಟಿಗೆ ಕಂಡ ಕೂಡಲೆ ಗಂಟು ಹಾಕುವ ಅಭ್ಯಾಸ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು. ತೊಂದರೆ ಎಲ್ಲಿ ಎಂದರೆ, ಬೆಟ್ಟದಲ್ಲಿ ಜೀವ ಉಳಿಸಿದ ಈ ಅಡ್ಡದಾರಿಯನ್ನೇ ನಾವು ರೋಗದ ವಿಷಯಕ್ಕೂ, ಔಷಧಿಯ ವಿಷಯಕ್ಕೂ, ನೆರೆಯವನ ಗುಣದ ವಿಷಯಕ್ಕೂ ಹಿಡಿಯುತ್ತೇವೆ.

ನಿಮ್ಮ ಸೊಸೈಟಿಯಲ್ಲಿ ಜಮೆ ಮಾತ್ರ ಬರೆದು ಖರ್ಚು ಬರೆಯದ ಗುಮಾಸ್ತನೊಬ್ಬನಿದ್ದರೆ ನೀವು ಅವನನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ನಮ್ಮ ತಲೆಯೊಳಗಿನ ಗುಮಾಸ್ತ ಅಂಥವನೇ. ಕೂಡಿಬಂದದ್ದನ್ನು ದಪ್ಪ ಅಕ್ಷರದಲ್ಲಿ ಕೀರ್ದಿಗೆ ಏರಿಸುತ್ತಾನೆ. ಕೂಡಿಬಾರದ್ದನ್ನು ಬರೆಯುವುದೇ ಇಲ್ಲ. ವರ್ಷದ ಕೊನೆಗೆ ನೋಡಿದರೆ ಲಾಭವೇ ಲಾಭ.

ಈ ಬಗೆಯ ಲೆಕ್ಕದಿಂದ ಜೀವಕ್ಕೇ ಸಂಚಕಾರ ಬರುವ ವಿಷಯವೊಂದು ನಮ್ಮ ಸೀಮೆಯಲ್ಲಿಯೇ ಇದೆ. ಅದನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

೧೯೫೭ರ ಮಾರ್ಚ್ ತಿಂಗಳು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಹಠಾತ್ತನೆ ಬರುವ ಜ್ವರ, ತಲೆ ಒಡೆಯುವ ನೋವು, ಮೈಕೈ ಮುರಿತ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿಬಂದರು. ಅವರಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ ಸತ್ತು, ಹಿಂದೆಯೇ ಮನುಷ್ಯನಿಗೂ ಜ್ವರ ಬಂದರೆ ಅದು ಹಳದಿ ಜ್ವರವೆಂದು ಅವರು ಕಲಿತಿದ್ದರು. ಭಾರತದಲ್ಲಿ ಆ ರೋಗ ಕಂಡೇ ಇರಲಿಲ್ಲ. ಬಂದಿದ್ದರೆ ಗತಿಯೇನು ಎಂಬ ಭಯ ಬೇರೆ. ನೋಡಿ, ದೊಡ್ಡ ದೊಡ್ಡ ವಿದ್ವಾಂಸರೂ ನಮ್ಮ ಅತ್ತೆಯ ಹಾಗೆಯೇ ಎರಡು ಸಂಗತಿಗೆ ಗಂಟು ಹಾಕಿದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ರೋಗಿಗಳ ರಕ್ತ, ಸತ್ತ ಮಂಗಗಳ ಅಂಗಾಂಗ, ಕಾಡಿನ ಉಣುಗು ಎಲ್ಲವನ್ನೂ ತೆಗೆದುಕೊಂಡು ಹೋಗಿ ಪರೀಕ್ಷಿಸಿದರು. ಅದು ಹಳದಿ ಜ್ವರವಲ್ಲವೆಂದು ತಿಳಿಯಿತು. ರಷ್ಯದ ಕಾಡುಗಳಲ್ಲಿ ವಸಂತಕಾಲಕ್ಕೆ ಬರುವ ಮಿದುಳು ಜ್ವರದ ಬಳಗಕ್ಕೆ ಸೇರಿದ, ಅದುವರೆಗೆ ಜಗತ್ತಿಗೆ ಗೊತ್ತಿಲ್ಲದ ಹೊಸ ವೈರಸ್ ಅದು. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ತಾವು ಮೊದಲು ಊಹಿಸಿದ್ದು ತಪ್ಪೆಂದು ಅವರೇ ಹೇಳಿದರು. ಊಹೆ ಮಾಡುವುದರಲ್ಲಿ ಅವರಿಗೂ ನಮಗೂ ವ್ಯತ್ಯಾಸವಿಲ್ಲ. ಮಾಡಿದ ಊಹೆಯನ್ನು ತಾವೇ ಮುರಿದು ನೋಡಿದರೆಂಬುದೇ ವ್ಯತ್ಯಾಸ.

ಆದರೆ ಊರವರು ಅಷ್ಟರಲ್ಲಿ ಹೆಸರಿಟ್ಟಾಗಿತ್ತು: ಮಂಗನ ಕಾಯಿಲೆ. ಹೆಸರು ಸಣ್ಣದು, ಮಾಡಿದ ಅನಾಹುತ ದೊಡ್ಡದು. ಆ ಹೆಸರು ಕೇಳಿದವನ ಮನಸ್ಸಿನಲ್ಲಿ ಅಪರಾಧಿ ಯಾರೆಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಮಂಗ ಬಂದರೆ ರೋಗ ಬಂತು, ಮಂಗನನ್ನು ಓಡಿಸಿದರೆ ರೋಗ ಹೋಯಿತು! ನಿಜ ಸಂಗತಿಯೆಂದರೆ ಈ ರೋಗಕ್ಕೆ ನಮಗಿಂತ ಮೊದಲು ಬಲಿಯಾಗುವುದೇ ಮಂಗ ಮತ್ತು ಮುಸ್ಯ. ಅದರ ಮೈಯಲ್ಲಿ ವೈರಸ್ ಹೆಚ್ಚುವುದು ಹೌದು. ಅದರ ರಕ್ತ ಹೀರಿದ ಉಣುಗಿನ ಮರಿಗಳು ವೈರಸ್ಸನ್ನು ಹೊತ್ತುಕೊಳ್ಳುವುದೂ ಹೌದು. ಆದರೆ ಮನುಷ್ಯನಿಗೆ ರೋಗ ತಗಲುವುದು ಆ ಉಣುಗು ಕಚ್ಚುವುದರಿಂದ. ಬೆಂಕಿ ಬಿದ್ದ ಮನೆಯಿಂದ ಮೊದಲು ಕೂಗಿಕೊಂಡವನನ್ನೇ ಬೆಂಕಿ ಇಟ್ಟವನೆಂದು ಹಿಡಿದು ಕಟ್ಟಿದಂತಾಯಿತು ನಮ್ಮ ನ್ಯಾಯ.

ಇನ್ನೊಂದು ಕಡೆ ಭಕ್ತಿಯುಳ್ಳ ಜನ. ಮಂಗ ಸತ್ತರೆ ಹನುಮಂತನ ಅಂಶವೆಂದು ಎತ್ತಿ ತಂದು, ಹೂವು ಏರಿಸಿ, ಮಣ್ಣು ಮಾಡುತ್ತಾರೆ. ಅವರ ಕರುಣೆಯನ್ನು ನಾನು ಹೀಯಾಳಿಸಲಾರೆ. ಆದರೆ ಸತ್ತ ಮಂಗನ ಮೈ ತಣ್ಣಗಾದ ಕೂಡಲೆ ಅದರ ಉಣುಗುಗಳು ಕೆಳಗಿಳಿದು ಸುತ್ತಲಿನ ದರಕಿನಲ್ಲಿ ಸೇರಿಕೊಳ್ಳುತ್ತವೆ. ಆ ಜಾಗದ ಸುತ್ತ ಐವತ್ತು ಮೀಟರು ದೂರದವರೆಗೆ ಕೀಟನಾಶಕ ಸಿಂಪಡಿಸುವ ಕ್ರಮ ಬಂದದ್ದು ಈ ಕಾರಣದಿಂದ. ಮಂಗನನ್ನು ಶತ್ರುವೆಂದವನೂ ದೇವರೆಂದವನೂ ನೋಡಿದ್ದು ಮಂಗನನ್ನೇ. ಸಾಸಿವೆ ಕಾಳಿಗಿಂತ ಸಣ್ಣದಾದ ಉಣುಗಿನ ಮರಿ ಇಬ್ಬರ ಕಣ್ಣಿಗೂ ಬೀಳಲಿಲ್ಲ.

ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬಾರದ ಮತ್ತೊಂದು ಪ್ರಾಣಿಯೂ ಇದೆ: ನಮ್ಮ ಅಂಗಳದ ದನ. ದನಕ್ಕೆ ಈ ರೋಗ ಬರುವುದಿಲ್ಲ, ದನದಿಂದ ವೈರಸ್ ನಮಗೆ ತಗಲುವುದೂ ಇಲ್ಲ. ಆದರೆ ಬೆಳೆದ ಉಣುಗು ಹೊಟ್ಟೆ ತುಂಬಿಸಿಕೊಂಡು ಸಾವಿರಾರು ಮೊಟ್ಟೆ ಇಡುವುದು ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದು. ಕಾಡು ಕಡಿದು ಬಯಲು ಮಾಡಿ, ಅಂಚಿನಲ್ಲಿ ದನ ಮೇಯಿಸತೊಡಗಿದ ಕಡೆಗಳಲ್ಲಿ ಉಣುಗು ಹೆಚ್ಚಿದ ಸಂಗತಿಯನ್ನು ಕೊಲಂಬಿಯ ದೇಶದಿಂದ ಬಂದು ನಮ್ಮ ಮಲೆನಾಡಿನಲ್ಲಿ ಅಭ್ಯಾಸ ಮಾಡಿದ ಬೋಶೆಲ್ ಎಂಬ ವಿಜ್ಞಾನಿ ೧೯೬೦ರ ದಶಕದಲ್ಲಿಯೇ ಬರೆದಿಟ್ಟರು. ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಸವರಿದಾಗ ೧೯೮೨-೮೩ರ ಸುಮಾರಿಗೆ ಸಾವಿರಕ್ಕೂ ಹೆಚ್ಚು ಮಂದಿ ಈ ರೋಗಕ್ಕೆ ತುತ್ತಾದರು. ಆದರೂ ಇದನ್ನು ಯಾರೂ 'ಗೇರು ತೋಟದ ಕಾಯಿಲೆ' ಎಂದು ಕರೆಯಲಿಲ್ಲ. ಹೊರಗಿನಿಂದ ಮರದ ಮೇಲೆ ಬಂದವನನ್ನು ಅನುಮಾನಿಸುವುದು ಸುಲಭ. ನಮ್ಮ ಕೊಟ್ಟಿಗೆಯನ್ನೂ ನಮ್ಮ ಕೊಡಲಿಯನ್ನೂ ಅನುಮಾನಿಸುವುದು ಕಷ್ಟ.

ಈಗ ಔಷಧಿಯ ವಿಷಯಕ್ಕೆ ಬರೋಣ. ಈ ವೈರಸ್ಸನ್ನು ನೇರವಾಗಿ ಕೊಲ್ಲುವ ಮದ್ದು ಇಲ್ಲ. ರೋಗಿಯನ್ನು ಆಸ್ಪತ್ರೆಯಲ್ಲಿಟ್ಟು, ನೀರಿನಂಶ ಕಾಪಾಡಿ, ರಕ್ತಸ್ರಾವ ನೋಡಿಕೊಂಡು ಉಳಿಸಿಕೊಳ್ಳಬೇಕು. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂದು ಸಾಮಾನ್ಯ ಲೆಕ್ಕ. ಎಂದರೆ ತೊಂಬತ್ತೈದು ಮಂದಿ ಬದುಕುತ್ತಾರೆ. ಬದುಕಿದ ಈ ತೊಂಬತ್ತೈದು ಮಂದಿಯ ಜಮೆ ಯಾರ ಖಾತೆಗೆ? ಜ್ವರ ವಾರ ಹತ್ತು ದಿನಕ್ಕೆ ತಾನಾಗಿ ಇಳಿಯುವ ಹೊತ್ತಿಗೆ ಕೈಯಲ್ಲಿ ಏನಿತ್ತೋ ಅದೇ ಸಂಜೀವಿನಿ. ಒಬ್ಬನಿಗೆ ಕಷಾಯ, ಒಬ್ಬನಿಗೆ ತಾಯಿತ, ಒಬ್ಬನಿಗೆ ಪೇಟೆಯ ಇಂಜೆಕ್ಷನ್ನು. ಇಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಈ ಜ್ವರಕ್ಕೊಂದು ಕಪಟವಿದೆ. ಕೆಲವರಿಗೆ ಇಳಿದ ಜ್ವರ ಒಂದೆರಡು ವಾರ ಬಿಟ್ಟು ಮತ್ತೆ ಬಂದು ಮಿದುಳಿಗೆ ಏರುತ್ತದೆ. ತಾಯಿತದಿಂದ ವಾಸಿಯಾಯಿತೆಂದು ನಂಬಿ ಮನೆಗೆ ಬಂದವನು ಎರಡನೆಯ ಸಲ ಆಸ್ಪತ್ರೆಗೆ ಹೋಗುವಾಗ ತಡವಾಗಿರುತ್ತದೆ. ಆಗ ಕೀರ್ದಿಯಲ್ಲಿ ಏನು ಬರೆಯುತ್ತಾರೆ ಗೊತ್ತೇ? ತಾಯಿತ ಸೋತಿತೆಂದು ಬರೆಯುವುದಿಲ್ಲ. "ಪಥ್ಯ ತಪ್ಪಿದ" ಎಂದು ಬರೆಯುತ್ತಾರೆ.

ಲಸಿಕೆಯ ಕಥೆಯನ್ನೂ ಹೇಳದಿದ್ದರೆ ನಾನೂ ಜಮೆ ಮಾತ್ರ ಬರೆದವನಾಗುತ್ತೇನೆ. ೧೯೯೦ರಿಂದ ಮಲೆನಾಡಿನಲ್ಲಿ ಈ ರೋಗಕ್ಕೆ ಲಸಿಕೆ ಹಾಕುತ್ತ ಬಂದರು. ಎರಡು ಸಲ ಹಾಕಿಸಿಕೊಂಡವರಿಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ರಕ್ಷಣೆಯೆಂದು ಮೊದಲ ಪ್ರಯೋಗಗಳು ಹೇಳಿದವು. ಊರಲ್ಲಿ ಜನ, "ಲಸಿಕೆ ಹಾಕಿಸಿಕೊಂಡ ಇಂಥವನಿಗೂ ಬಂತು, ಹಾಕಿಸಿಕೊಳ್ಳದ ಅಂಥವನಿಗೆ ಬರಲಿಲ್ಲ" ಎಂದು ಹೇಳಿ ತೋಳು ಕೊಡಲು ಹಿಂಜರಿದರು. ನನ್ನಂಥವರು, ಒಬ್ಬಿಬ್ಬರನ್ನು ನೋಡಿ ತೀರ್ಮಾನ ಮಾಡಬೇಡಿರೆಂದು ಅವರಿಗೆ ಬುದ್ಧಿ ಹೇಳಿದೆವು. ಮುಂದೆ ೨೦೦೫ರಿಂದ ೨೦೧೦ರ ವರೆಗಿನ ಲೆಕ್ಕ ತೆಗೆದಾಗ ಎರಡು ಡೋಸಿನ ರಕ್ಷಣೆ ನೂರಕ್ಕೆ ಅರವತ್ತೆರಡರಷ್ಟು ಎಂದು ಕಂಡಿತು. ಆಮೇಲೆ ಇನ್ನೂ ಕುಸಿದು, ೨೦೨೨ರಲ್ಲಿ ಲಸಿಕೆಯನ್ನೇ ನಿಲ್ಲಿಸಿದರು. ಹೊಸ ಲಸಿಕೆಗಾಗಿ ಕೆಲಸ ಆರಂಭವಾಗಿದೆ.

ಹಾಗಾದರೆ ಜನ ಹೇಳಿದ್ದೇ ಸರಿಯಾಯಿತಲ್ಲ ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಅನುಮಾನ ಸರಿಯಾಗಿತ್ತು, ಆದರೆ ಅದಕ್ಕೆ ಕೊಟ್ಟ ಪುರಾವೆ ಸಾಲದಾಗಿತ್ತು. ಅರವತ್ತು ಮಂದಿಯನ್ನು ಕಾಪಾಡುವ ಲಸಿಕೆಯನ್ನೂ ಅದೇ ಮಾತಿನಿಂದ ತಳ್ಳಿಹಾಕಬಹುದಿತ್ತು. ಇತ್ತ ಸರ್ಕಾರದವರ ನಂಬಿಕೆಯೂ ಮೊದಲ ಪ್ರಯೋಗದ ಒಳ್ಳೆಯ ಅಂಕಿಗೆ ಅಂಟಿಕೊಂಡಿತ್ತು. ಹಳೆಯ ಜಮೆಯನ್ನು ತೋರಿಸುತ್ತ ಹೊಸ ಖರ್ಚನ್ನು ಬರೆಯಲು ಇಷ್ಟೊಂದು ವರ್ಷ ತೆಗೆದುಕೊಳ್ಳಬಾರದಿತ್ತು ಎಂದು ನನ್ನ ಅಭಿಪ್ರಾಯ. ಹುಡುಕುವ ವಿಷಯದಲ್ಲೂ ಇದೇ ಆಯಿತು. ಈ ರೋಗ ಇರುವುದು ಶಿವಮೊಗ್ಗ ಮತ್ತು ಸುತ್ತಣ ನಾಲ್ಕಾರು ಜಿಲ್ಲೆಗಳಲ್ಲಿ ಎಂದು ಬಹಳ ವರ್ಷ ನಂಬಲಾಗಿತ್ತು. ಹುಡುಕಿದ ಕಡೆ ಸಿಕ್ಕಿತು, ಹುಡುಕದ ಕಡೆ ಇಲ್ಲವೆಂದರು. ೨೦೧೨ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಕೆಲಸಗಾರರಿಗೆ ಬಂತು. ಅನಂತರ ವಯನಾಡು, ೨೦೧೫ರಲ್ಲಿ ಗೋವೆ, ೨೦೧೬ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ೨೦೧೮ರ ಡಿಸೆಂಬರಿನಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಆದ ದುರಂತ, ೨೦೨೪ರಲ್ಲಿ ನಮ್ಮ ಪಕ್ಕದ ಸಿದ್ದಾಪುರ ತಾಲೂಕಿನಲ್ಲಿ ಆದದ್ದು ನಿಮಗೆ ಗೊತ್ತೇ ಇದೆ.

ರೋಗ ಯಾರಿಗೆ ಬರುತ್ತದೆ ಎಂಬುದನ್ನೂ ಗಮನಿಸಿರಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಇದೆ, ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಬೆಟ್ಟದ ಹಕ್ಕು ಪಹಣಿಯಲ್ಲಿ ಹೆಸರಿದ್ದವನದು. ಆದರೆ ಡಿಸೆಂಬರಿನಿಂದ ಮೇ ವರೆಗೆ, ಉಣುಗಿನ ಮರಿಗಳು ಹೆಚ್ಚಾಗಿರುವ ಅದೇ ತಿಂಗಳುಗಳಲ್ಲಿ, ಬೆಟ್ಟದಲ್ಲಿ ಬಗ್ಗಿ ದರಕು ಗುಡಿಸುವ ಕೈ ಬೇರೆಯವರದು. ಕೂಲಿ ಹೆಂಗಸರಿಗೆ ಜ್ವರ ಹೆಚ್ಚು ಬಂದರೆ "ಅವರ ಶುಚಿತ್ವ ಸರಿಯಿಲ್ಲ" ಎಂದವರನ್ನು ನಾನು ಕೇಳಿದ್ದೇನೆ. ಮನುಷ್ಯನಿಂದ ಮನುಷ್ಯನಿಗೆ ಹರಡದ ರೋಗಕ್ಕೆ ರೋಗಿಯ ಮನೆಯ ಬಾವಿಯನ್ನು ದೂರವಿಟ್ಟವರನ್ನೂ ಕಂಡಿದ್ದೇನೆ.

ಈಗ ಹಾವಿನ ವಿಷಯ. ಇದನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ, ಜಮೆ-ಖರ್ಚಿನ ಮಾತು ಇಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಒಂದು ಊರಿನಲ್ಲಿ ಕೆಲವು ವರ್ಷಗಳಲ್ಲಿ ಇಪ್ಪತ್ತು ಮಂದಿಗೆ ಹಾವು ಕಚ್ಚಿತೆಂದು ಇಟ್ಟುಕೊಳ್ಳಿ. ಎಲ್ಲರೂ ಮಂತ್ರ ಹಾಕುವವನ ಬಳಿಗೆ ಹೋದರು. ಹೆಚ್ಚಿನವರಿಗೆ ಕಚ್ಚಿದ್ದು ಕೇರೆಯೋ ಒಳ್ಳೆಯೋ, ವಿಷವೇ ಇಲ್ಲದ್ದು. ನಾಗರ ಅಥವಾ ಕೊಳಕುಮಂಡಲ ಕಚ್ಚಿದವರಲ್ಲಿಯೂ ಕೆಲವರಿಗೆ ವಿಷ ಇಳಿದೇ ಇರುವುದಿಲ್ಲ; ಹಾವು ಹಲ್ಲು ತಾಗಿಸಿ ಹೋಗಿರುತ್ತದೆ. ಹದಿನೇಳು ಮಂದಿ ಬದುಕಿದರು, ಮೂವರು ಸತ್ತರು ಎನ್ನಿ. ಬದುಕಿದ ಹದಿನೇಳು ಮಂದಿ ಊರೂರು ತಿರುಗಿ ಸಾಕ್ಷಿ ಹೇಳುತ್ತಾರೆ. ಸತ್ತ ಮೂವರು ಬಾಯಿ ಬಿಡುವುದಿಲ್ಲ. ಮಂತ್ರ ಹಾಕುವವನು ಮೋಸಗಾರನೇ ಆಗಬೇಕಿಲ್ಲ. ಹಣ ಮುಟ್ಟದೆ, ಧರ್ಮಕ್ಕೆಂದು ಅರ್ಧರಾತ್ರಿ ಎದ್ದು ಬರುವ ಅಂಥ ಹಿರಿಯರನ್ನು ನಾನು ಬಲ್ಲೆ. ಅವರೂ ತಮ್ಮ ಕೀರ್ದಿಯನ್ನು ನೋಡಿಯೇ ನಂಬಿದವರು.

ಇದರಲ್ಲಿ ಸತ್ಯ ತಿಳಿಯಲು ನಾಲ್ಕು ಮನೆಯ ಲೆಕ್ಕ ಬೇಕು, ಚೌಕಾಬಾರದ ಮನೆಗಳ ಹಾಗೆ. ಮಂತ್ರ ಹಾಕಿಸಿ ಬದುಕಿದವರು ಒಂದು ಮನೆ, ಮಂತ್ರ ಹಾಕಿಸಿ ಸತ್ತವರು ಇನ್ನೊಂದು. ಮಂತ್ರ ಹಾಕಿಸದೆ ಬದುಕಿದವರು ಮೂರನೆಯದು, ಹಾಕಿಸದೆ ಸತ್ತವರು ನಾಲ್ಕನೆಯದು. ನಾವೆಲ್ಲ ಮೊದಲನೆಯ ಮನೆಯಲ್ಲಿಯೇ ಕುಳಿತು ಆಟ ಗೆದ್ದೆವೆನ್ನುತ್ತೇವೆ. ಉಳಿದ ಮನೆಗಳನ್ನೂ ಎಣಿಸಿದವರು ಹೇಳುವುದೇನು? ೨೦೦೦ದಿಂದ ೨೦೧೯ರ ವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ಹನ್ನೆರಡು ಲಕ್ಷ, ವರ್ಷಕ್ಕೆ ಸರಾಸರಿ ೫೮,೦೦೦ ಎಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನ ಸಾವು ಹಳ್ಳಿಗಳಲ್ಲಿ, ಆಸ್ಪತ್ರೆಯ ಹೊರಗೆ. ಕರ್ನಾಟಕ ಸರ್ಕಾರ ೨೦೨೪ರಲ್ಲಿ, ಹಾವು ಕಚ್ಚಿದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಮಾಡಿತು. ಖರ್ಚಿನ ಬದಿಯನ್ನು ಬರೆಯಲು ಇಷ್ಟು ಕಾಲ ಹಿಡಿಯಿತು. ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ಇದೆ; ಗಂಟೆ ಉರುಳಿದಂತೆ ಅದರ ಪ್ರಯೋಜನ ಕಡಿಮೆ. ಆ ಗಂಟೆಗಳನ್ನೇ ಮಂತ್ರದವನ ಜಗುಲಿಯ ಮೇಲೆ ಕಳೆಯುತ್ತೇವೆ.

ಹಾಗಾದರೆ ಹಿರಿಯರು ಕಂಡುಕೊಂಡದ್ದೆಲ್ಲ ಸುಳ್ಳೇ? ಅಲ್ಲ. ಅಡಕೆಯ ಕೊಳೆರೋಗವನ್ನು ನೋಡಿ. ಕೊನೆಗೆ ಮಳೆನೀರು ತಾಗದಂತೆ ಕೊಟ್ಟೆ ಕಟ್ಟಿದರೆ ಕೊಳೆ ಕಡಿಮೆಯೆಂದು ನಮ್ಮ ಹಿಂದಿನವರು ಯಾವ ವಿಜ್ಞಾನಿಯೂ ಹೇಳದೆ ಕಂಡುಕೊಂಡಿದ್ದರು. ಅದು ನಿಜ. ಏಕೆ ನಿಜವಾಯಿತು? ಒಂದೇ ತೋಟದಲ್ಲಿ ಕೊಟ್ಟೆ ಕಟ್ಟಿದ ಮರವೂ ಕಟ್ಟದ ಮರವೂ ಪಕ್ಕಪಕ್ಕದಲ್ಲಿ ನಿಂತಿರುತ್ತಿದ್ದವು. ನಾಲ್ಕು ಮನೆಯೂ ಕಣ್ಣೆದುರಿಗೇ ಇತ್ತು. ಅದೇ ಹಿರಿಯರು ಕೊಳೆಗೆ ಹರಕೆಯನ್ನೂ ಹೊತ್ತರು. ಹರಕೆ ಹೊರುವುದು ಯಾವ ವರ್ಷ? ಅರ್ಧ ಫಸಲು ನೆಲಕ್ಕೆ ಉದುರಿದ ವರ್ಷ. ಅಷ್ಟು ಕೆಟ್ಟ ವರ್ಷದ ಮರುವರ್ಷ ಸಾಮಾನ್ಯವಾಗಿ ಅದಕ್ಕಿಂತ ಒಳ್ಳೆಯದೇ ಇರುತ್ತದೆ, ಹರಕೆ ಹೊತ್ತರೂ ಹೊರದಿದ್ದರೂ. ಮೈಸೂರು ಸರ್ಕಾರದ ಕೆಲಸಕ್ಕೆ ೧೯೦೮ರಲ್ಲಿ ಕೆನಡದಿಂದ ಬಂದ ಲೆಸ್ಲಿ ಕೋಲ್ಮನ್ ಅವರು ಕೊಳೆಗೆ ಒಂದು ಬಗೆಯ ಬೂಷ್ಟು ಕಾರಣವೆಂದು ತೋರಿಸಿ ೧೯೧೦ರಲ್ಲಿ ಪ್ರಕಟಿಸಿದರು. ಮೈಲುತುತ್ತ-ಸುಣ್ಣದ 'ಬೋರ್ಡೋ' ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಆ ಕೆಲಸದ ಫಲ. ಈಗಲೂ ಆಗಾಗ "ಮದ್ದು ಹೊಡೆದರೂ ಕೊಳೆ ಬಂತು, ಎಲ್ಲ ಸುಳ್ಳು" ಎನ್ನುವವರು ಸಿಗುತ್ತಾರೆ. ಯಾವಾಗ ಹೊಡೆದಿರಿ ಎಂದು ಕೇಳಿದರೆ, ಮಳೆ ಹಿಡಿದು ಹದಿನೈದು ದಿನವಾದ ಮೇಲೆ!

ಆ ಮರುವರ್ಷದ ಮಾತು ಇನ್ನೂ ಒಂದು ಕಡೆ ಅನ್ವಯಿಸುತ್ತದೆ, ಮತ್ತು ಅದನ್ನು ಹೇಳಿದರೆ ಇಲ್ಲಿ ಕೆಲವರಿಗೆ ಬೇಸರವಾಗಬಹುದು. ಇಸ್ರೇಲಿನ ಮನಃಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರು ತಮ್ಮ ಜೊತೆಗಾರ ಟ್ವೆರ್ಸ್ಕಿಯವರೊಡನೆ ಮನಸ್ಸಿನ ಈ ಅಡ್ಡದಾರಿಗಳನ್ನೇ ಅಭ್ಯಾಸ ಮಾಡಿ ೧೯೭೪ರಲ್ಲಿ ಹೆಸರಾದ ಲೇಖನ ಬರೆದವರು. ೨೦೦೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕರೊಬ್ಬರು ಒಮ್ಮೆ ಅವರೆದುರು ಹೇಳಿದರಂತೆ: ಚೆನ್ನಾಗಿ ಹಾರಿಸಿದ ಹುಡುಗನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಡಿಸಿದವನನ್ನು ಗದರಿಸಿದರೆ ಸುಧಾರಿಸುತ್ತಾನೆ, ಆದುದರಿಂದ ಬೈಗುಳವೇ ಮದ್ದು. ಕಾಹ್ನೆಮನ್ ಅವರಿಗೆ ನಿಜ ಹೊಳೆಯಿತು. ಯಾರ ಕೈಯೂ ದಿನವೂ ಒಂದೇ ಸಮನೆ ಇರುವುದಿಲ್ಲ. ತುಂಬ ಚೆನ್ನಾದ ದಿನದ ಮರುದಿನ ಸ್ವಲ್ಪ ಇಳಿತ, ತೀರ ಕೆಟ್ಟ ದಿನದ ಮರುದಿನ ಸ್ವಲ್ಪ ಏರು, ಯಾರು ಏನು ಅಂದರೂ ಬರುವಂಥದು.

ನಮ್ಮ ಕೊನೆಗೌಡನ ವಿಷಯದಲ್ಲಿ ನೋಡಿ. ಒಂದು ದಿನ ಅವನು ಎಂದಿಗಿಂತ ಕಡಿಮೆ ಕೊನೆ ಇಳಿಸಿದ. ಒಡೆಯರು ಬೈದರು. ಮರುದಿನ ಎಂದಿನಷ್ಟು ಇಳಿಸಿದ. "ನೋಡಿದೆಯಾ, ಬೈದರೇ ಕೆಲಸ!" ಇನ್ನೊಂದು ದಿನ ಬಹಳ ಇಳಿಸಿದನೆಂದು ಒಂದು ಲೋಟ ಚಹಾ ಹೆಚ್ಚಿಗೆ ಕೊಟ್ಟರು. ಮರುದಿನ ಎಂದಿನಷ್ಟೇ. "ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ." ಐವತ್ತು ಅಡಿ ಎತ್ತರದಲ್ಲಿ, ಮರದಿಂದ ಮರಕ್ಕೆ ತೂಗಾಡುತ್ತ ಪ್ರಾಣ ಕೈಯಲ್ಲಿ ಹಿಡಿದು ದುಡಿಯುವವನ ಮೇಲೆ ತಲೆಮಾರುಗಳಿಂದ ನಡೆದ ಬೈಗುಳದ ಹಿಂದೆ ಇಂಥ ಲೆಕ್ಕವೂ ಇದೆ. "ಕೂಲಿಯವರೆಲ್ಲ ಕುಡುಕರು" ಎಂಬ ಮಾತೂ ಹೀಗೆಯೇ ಹುಟ್ಟುತ್ತದೆ. ಸಂಜೆ ರಸ್ತೆಯಲ್ಲಿ ತೂರಾಡುವ ಒಬ್ಬನನ್ನು ಊರೆಲ್ಲ ನೋಡುತ್ತದೆ. ದಣಿದು ಮನೆಯಲ್ಲಿ ಮಲಗಿದ ಒಂಬತ್ತು ಮಂದಿಯನ್ನು ಯಾರು ನೋಡುತ್ತಾರೆ? ಒಡೆಯರು ಕುಡಿಯುವುದಾದರೆ ಒಳಗೆ ಕುಡಿಯುತ್ತಾರೆ. ಅದು ಕೀರ್ದಿಗೆ ಬರುವುದಿಲ್ಲ.

ಇಂಥ ಲೆಕ್ಕವನ್ನು ಸರ್ಕಾರವೇ ಕಾನೂನಾಗಿ ಬರೆದದ್ದುಂಟು. ಬ್ರಿಟಿಷರು ೧೮೭೧ರಲ್ಲಿ ಕೆಲವು ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವ ಕಾಯಿದೆ ತಂದರು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ಹುಬ್ಬಳ್ಳಿಯಂಥ ಕಡೆ ಆ ಜನರನ್ನು ತಂತಿಬೇಲಿಯೊಳಗಿನ ವಸಾಹತಿನಲ್ಲಿಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದರು. ಕಳವಾದಾಗ ಪೊಲೀಸರು ಹೋಗುತ್ತಿದ್ದದ್ದು ಅವರ ಬಳಿಗೇ. ಹುಡುಕಿದ ಕಡೆ ಸಿಕ್ಕಿತು, ಹುಡುಕದ ಕಡೆ ಇಲ್ಲವೆಂದರು. ಮಂಗನ ಕಾಯಿಲೆಯ ವಿಷಯದಲ್ಲಿ ಹೇಳಿದ ಮಾತೇ. ಆ ಕಾಯಿದೆ ರದ್ದಾದದ್ದು ೧೯೫೨ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಕಾಗದದಿಂದ ಅಳಿಸಿದ್ದು ಮನಸ್ಸಿನಿಂದ ಅಳಿಯಿತೇ? ಮುಂದಿನ ಸಲ ನಿಮ್ಮ ಕಣದಿಂದ ಅಡಕೆ ಮೂಟೆ ಕಾಣೆಯಾದರೆ ಮೊದಲು ಯಾರ ಹೆಸರು ನಾಲಿಗೆಗೆ ಬಂತು ಎಂದು ನೀವೇ ನೋಡಿಕೊಳ್ಳಿ.

ನಾನು ಬಂದದ್ದು ಭಾಷಣಕ್ಕಾಗಿ ಮಾತ್ರವಲ್ಲ, ಒಂದು ಕೆಲಸ ಕೇಳಿಕೊಳ್ಳುವುದಕ್ಕಾಗಿ. ಬರುವ ಡಿಸೆಂಬರಿನಿಂದ ಮೇ ವರೆಗೆ ಈ ಊರಿನಲ್ಲಿ ಒಂದು ವಹಿ ಇಡೋಣ. ಮಂಗ ಎಲ್ಲಿ, ಯಾವ ದಿನ ಸತ್ತು ಬಿತ್ತು. ಯಾರು ಯಾವ ಬೆಟ್ಟಕ್ಕೆ ದರಕಿಗೆ ಹೋದರು. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋದವರು ಯಾರು, ಹಚ್ಚಿಕೊಳ್ಳದವರು ಯಾರು. ಯಾರಿಗೆ ಜ್ವರ ಬಂತು, ಮುಖ್ಯವಾಗಿ ಯಾರಿಗೆ ಬರಲಿಲ್ಲ. ಎಲ್ಲವನ್ನೂ ತಾರೀಖು ಹಾಕಿ ಬರೆಯಬೇಕು. ಸತ್ತ ಮಂಗನನ್ನು ಯಾರೂ ಮುಟ್ಟಬಾರದು. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅದೇ ದಿನ ತಿಳಿಸಬೇಕು. ಜ್ವರ ಬಂದವರ ರಕ್ತ ಪರೀಕ್ಷೆಗೆ ಹೋಗಬೇಕು, ಜ್ವರ ಇಳಿದ ಮೇಲೂ ಮೂರು ವಾರ ಅವರ ಮೇಲೆ ಕಣ್ಣಿಡಬೇಕು. ವಹಿಯನ್ನು ತೋಟದ ಒಡೆಯರ ಕೈಗೂ ನನ್ನಂಥ ಭಾಷಣಕಾರರ ಕೈಗೂ ಕೊಡಬೇಡಿ. ದರಕಿಗೆ ಹೋಗುವ ಹೆಂಗಸರಲ್ಲಿ ಓದು ಬರಹ ಬಲ್ಲವರು ಇಲ್ಲಿಯೇ ಹಿಂದಿನ ಸಾಲಿನಲ್ಲಿ ನಾಲ್ಕಾರು ಮಂದಿ ಕುಳಿತಿದ್ದೀರಿ. ಅಧ್ಯಕ್ಷರ ವಂದನಾರ್ಪಣೆ ಮುಗಿದ ಮೇಲೆ ಎದ್ದು ಹೋಗಬೇಡಿ, ತಾಯಂದಿರೆ. ಗೆರೆ ಹಾಕಿದ ವಹಿಯನ್ನು ಶಿರಸಿಯಿಂದ ತಂದಿದ್ದೇನೆ.